ಅವಳು ಕೊಡದೇ ಹೋದ ಫುಲ್ ಲೋಡ್

ಟಪ್...

ಸ್ವಲ್ಪ ಹೊತ್ತು ಏನೂ ಇಲ್ಲ.

ಟಪ್...

ಸರಕು ಸಾಗಣೆ ಕಂಪನಿಯ ಅಂಗಳದಲ್ಲಿ ರಾತ್ರಿಯ ಗದ್ದಲ ತಣ್ಣಗಾಗಿತ್ತು. ಪ್ಲಾನಿಂಗ್ ಕೋಣೆಯಲ್ಲಿ ಒಬ್ಬಳೇ ಕೂತಿದ್ದವಳಿಗೆ ಅದು ನಲ್ಲಿಯ ಸದ್ದು ಅನ್ನಿಸಿತು. ಎದ್ದು ಹೋಗಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಬಂದಳು. ಮನೆಗೆ ಬೀಗ ಹಾಕಿ ಬೀದಿಯ ತುದಿಯವರೆಗೆ ಹೋದ ಮೇಲೂ ವಾಪಸ್ ಬಂದು ಬೀಗ ಜಗ್ಗಿ ನೋಡುವ ಸ್ವಭಾವ ಅವಳದು.

ಟಪ್...

ನಲ್ಲಿಯಲ್ಲ!

"ಮೇಡಂ..."

ಬೆಚ್ಚಿ ತಿರುಗಿದಳು. ಕಿಟಕಿಯ ಆಚೆ ಒಬ್ಬ ಚಾಲಕ ನಿಂತಿದ್ದ. ಎತ್ತರದ ಆಳು, ಕೈಯಲ್ಲಿ ಟಾರ್ಚು. ಅಂಗಳದಲ್ಲಿ ಎಲ್ಲರೂ ಅವನನ್ನು ಸೈಲೆನ್ಸರ್ ಎಂದು ಕರೆಯುತ್ತಿದ್ದರು. ಮಾತು ಅಷ್ಟು ಕಡಿಮೆ. ಗುಡ್ಡದ ಹೆದ್ದಾರಿಯ ದೂರದ ಲೋಡುಗಳೇ ಅವನ ಪಾಲಿಗೆ ಬರುತ್ತಿದ್ದುದರಿಂದ, ಹೊಸದಾಗಿ ಪ್ಲಾನಿಂಗ್‌ಗೆ ಸೇರಿದ್ದ ಅವಳು ಅವನನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

"ಲಾರಿ ಸೋರ್ತಿದೆ," ಅಂದ.

"ಡೀಸೆಲ್ಲಾ?"

"ಅಲ್ಲ, ಸರಕು. ಒಳಗೆ ಏನೋ ಒಡೆದಿದೆ. ಸೀಲ್ ಒಡೀಬೇಕು."

ಅದು ಫುಲ್ ಲೋಡ್. ಅಂದರೆ ಒಬ್ಬನೇ ಗಿರಾಕಿ ಇಡೀ ಲಾರಿಯನ್ನು ಗೊತ್ತು ಮಾಡಿ, ತನ್ನ ಸರಕನ್ನಷ್ಟೇ ತುಂಬಿಸಿ, ಬಾಗಿಲಿಗೆ ಸೀಲ್ ಹಾಕಿಸಿ ಕಳಿಸುವುದು. ತಲುಪಬೇಕಾದ ಕಡೆ ಆ ಸೀಲ್ ಹಾಗೇ ಇರಬೇಕು. ದಾರಿಯಲ್ಲಿ ಒಡೆದರೆ ದೂರು ತಪ್ಪಿದ್ದಲ್ಲ.

"ಒಡೆಯೋ ಹಾಗಿಲ್ಲ. ಗಿರಾಕಿ ಸುಮ್ನಿರಲ್ಲ."

"ಹಾಗಾದ್ರೆ ನಾನು ಹೊರಡಲ್ಲ."

"ಅಂದ್ರೆ?!"

"ಗುಡ್ಡದ ರಸ್ತೆ ಮೇಡಂ, ಎಲ್ಲಾ ತಿರುವು. ಜಾರೋ ವಸ್ತು ಆಗಿದ್ರೆ ನನಗೇನೂ ಆಗಲ್ಲ. ನನ್ನ ಹಿಂದೆ ಸ್ಕೂಟರಲ್ಲಿ ಬರೋನ ಗತಿ?"

ಅವಳು ಡ್ರಾಯರಿನಿಂದ ಕಟರ್ ತೆಗೆದುಕೊಂಡು ಹೊರಗೆ ಬಂದಳು.

ಬಾಗಿಲು ತೆರೆದದ್ದೇ ತಡ, ನಿಂಬೆಯ ವಾಸನೆ ಮುಖಕ್ಕೆ ರಾಚಿತು. ಪಾತ್ರೆ ತೊಳೆಯುವ ಸೋಪಿನ ನೀರು! ಡ್ರಮ್ಮೊಂದು ಬಾಯಿಬಿಟ್ಟಿತ್ತು.

"ಹುಷಾರು ಮೇಡಂ, ಕಾಲು..." ಎನ್ನುತ್ತಲೇ ಅವನು ಜಾರಿದ. ಆಸರೆಗೆಂದು ಅವಳ ತೋಳು ಹಿಡಿದ. ಮರುಕ್ಷಣ ಇಬ್ಬರೂ ಸಿಮೆಂಟ್ ಕಟ್ಟೆಯ ಮೇಲೆ, ನೊರೆಯ ನಡುವೆ!

ಅವಳ ಮೂಗಿನ ತುದಿಯಲ್ಲಿ ಒಂದು ಗುಳ್ಳೆ ಕೂತಿತು. ಅವನು ಅದನ್ನು ನೋಡಿದ. ತಡೆದುಕೊಳ್ಳಲು ನೋಡಿದ. ಆಗಲಿಲ್ಲ. ಸೈಲೆನ್ಸರ್ ಕಿತ್ತುಹೋದ ಲಾರಿಯ ಹಾಗೆ ಇಡೀ ಅಂಗಳ ನಡುಗುವಂತೆ ನಕ್ಕುಬಿಟ್ಟ.

ಅವಳೂ ನಕ್ಕಳು. ಎಷ್ಟೋ ದಿನಗಳ ನಂತರ, ಬಾಗಿಲು ಹಾಕಿದೆನಾ ಇಲ್ಲವಾ ಎಂದು ಯೋಚಿಸದೆ ನಕ್ಕಳು.

ಅವನು ಕೈ ಹಿಡಿದು ಎಬ್ಬಿಸಿದ. ಕೈ ಬಿಡಲು ಇಬ್ಬರೂ ಸ್ವಲ್ಪ ತಡ ಮಾಡಿದರು... ಸೋಪಿನಿಂದ ಅಂಟಿತ್ತು ಅಂತಲೇ ಅಂದುಕೊಳ್ಳೋಣ.

*

ಮರುದಿನ ಗಿರಾಕಿಯ ದೂರು ಬಂತು. ಯಜಮಾನರ ಕೋಣೆಯಲ್ಲಿ ದೊಡ್ಡ ರಂಪವೇ ಆಯಿತು.

"ಯಾರನ್ನ ಕೇಳಿ ಸೀಲ್ ಒಡೆದ್ರಿ?"

"ನನ್ನದೇ ನಿರ್ಧಾರ ಸರ್," ಅಂದಳು. ಚಾಲಕನ ಮಾತನ್ನು ಎತ್ತಲೇ ಇಲ್ಲ.

ಯಜಮಾನರ ಗಂಟಲು ಗೋಡೆ ದಾಟಿ ಅಂಗಳಕ್ಕೆ ಕೇಳುತ್ತಿತ್ತು. ಹೊರಗೆ ಟೈರಿನ ಗಾಳಿ ನೋಡುತ್ತಿದ್ದ ಅವನು ತಲೆ ತಗ್ಗಿಸಿದ. ನನ್ನಿಂದ ಈ ಹುಡುಗಿಗೆ ಬೈಗುಳ... ಎಂದು ಒಳಗೇ ನೊಂದುಕೊಂಡ. ಅವಳಿಗೆ ಅದು ಗೊತ್ತಾಗಲಿಲ್ಲ. ಅವನು ಹೇಳುವ ಪೈಕಿಯೂ ಅಲ್ಲ.

ಪ್ಲಾನಿಂಗ್ ಕೋಣೆಯ ಗೋಡೆಯಲ್ಲಿ ಒಂದು ಕಬ್ಬಿಣದ ಹಲಗೆ. ಮೇಲಿನ ಸಾಲು ಫುಲ್ ಲೋಡುಗಳದು. ಅವು ದೂರ ಹೋಗುವವು, ಹೋದರೆ ಬರಲು ಎರಡು ಮೂರು ದಿನ. ಕೆಳಗಿನ ಸಾಲು ಪಾರ್ಟ್ ಲೋಡ್. ಒಬ್ಬರ ಕುರ್ಚಿ, ಇನ್ನೊಬ್ಬರ ಬಣ್ಣದ ಡಬ್ಬ, ಮತ್ತೊಬ್ಬರ ಬಟ್ಟೆಯ ಗಂಟು... ಹತ್ತಾರು ಜನರ ಚಿಲ್ಲರೆ ಸರಕನ್ನು ಒಂದೇ ಲಾರಿಯಲ್ಲಿ ತುಂಬಿ ಸುತ್ತಮುತ್ತ ಇಳಿಸಿ, ಸಂಜೆಗೆ ವಾಪಸ್ ಬರುವುದು. ಚಾಲಕರಿಗೊಂದೊಂದು ಆಯಸ್ಕಾಂತದ ಬಿಲ್ಲೆ. ಯಾವ ಬಿಲ್ಲೆ ಯಾವ ಸಾಲಿಗೆ ಎಂದು ವಾರದ ಮೊದಲ ದಿನ ನಿರ್ಧರಿಸುವವಳು ಅವಳು.

ಆ ವಾರ ಪಾರ್ಟ್ ಲೋಡಿನ ಒಬ್ಬ ಚಾಲಕ ಬೆನ್ನುನೋವೆಂದು ಮಲಗಿದ್ದ. ಅವಳು ಸೈಲೆನ್ಸರ್‌ನ ಬಿಲ್ಲೆಯನ್ನು ಮೇಲಿನಿಂದ ಕೆಳಗೆ ತಂದಳು. ಅದರಲ್ಲಿ ತಪ್ಪೇನೂ ಇರಲಿಲ್ಲ. ನಿಜಕ್ಕೂ ಇರಲಿಲ್ಲ.

ಸಂಜೆ ಅವನು ಅವಳ ಕಿಟಕಿಗೆ ಬಂದ. ತಲುಪಿಸಿದ ರಸೀದಿಗಳನ್ನು ಜೋಡಿಸಿ ಒಳಗೆ ಸರಿಸಿದ.

"ಎಲ್ಲಾ ತಲುಪಿತು ಮೇಡಂ."

ಅಷ್ಟೇ. ಆದರೆ ಅವಳಿಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಮರುದಿನ ಸಂಜೆ ಅವಳ ಕಿವಿ ಅಂಗಳದ ಗೇಟಿನ ಕಡೆಗೇ ಇತ್ತು. ಅದರ ಮರುದಿನ ತಲೆ ಬಾಚಿಕೊಂಡು ಕೂತಿದ್ದಳು. ಒಂದು ದಿನ ಅವನು, "ಮೂರನೇ ಮಹಡಿಗೆ ಬೀರು ಹತ್ತಿಸಿದ್ವಿ. ಆ ಮನೆಯಾಕೆ ಬೀರು ನೋಡಿ, ಇದಲ್ಲ ನಾನು ಹೇಳಿದ್ದು ಅಂದ್ರು," ಎಂದ. ಅವನ ಪಾಲಿಗೆ ಅದು ಭಾಷಣವೇ! ಮನೆಗೆ ಹೋಗುವ ದಾರಿಯುದ್ದಕ್ಕೂ ನೆನೆನೆನೆದು ನಕ್ಕಳು.

ಬೆನ್ನುನೋವಿನವನು ವಾಸಿಯಾಗಿ ಬಂದ. ಹೊಸ ವಾರ ಬಂತು. ಅವಳು ಹಲಗೆಯ ಮುಂದೆ ನಿಂತಳು. ಅವನ ಬಿಲ್ಲೆ ಬೆರಳಿನ ನಡುವೆ ಇತ್ತು. ಮೇಲಿನ ಸಾಲಿನಲ್ಲಿ ಅವನ ಜಾಗ ಖಾಲಿ ಇತ್ತು.

ಇದೊಂದು ವಾರ... ಇದೊಂದೇ ವಾರ...

ಬಿಲ್ಲೆ ಕೆಳಗಿನ ಸಾಲಿಗೆ ಟಕ್ಕೆಂದು ಅಂಟಿಕೊಂಡಿತು. ಗುಡ್ಡದ ದಾರಿಯ ಫುಲ್ ಲೋಡ್ ಮೀಸೆಯ ಪಾಲಾಯಿತು. ಮೀಸೆ ಎಂದರೆ ಅಂಗಳದ ಹಿರಿಯ ಚಾಲಕ, ಬಾಯಿಬಡುಕ.

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ಜಗತ್ತೆಲ್ಲ ಕತ್ತಲೆಯಂತೆ. ಅವಳೂ ಹಾಗೇ ವಾರದ ಮೇಲೆ ವಾರ ಕಣ್ಣು ಮುಚ್ಚಿದಳು.

ಒಮ್ಮೆ ಅವನೇ ಕೇಳಿದ. ರಸೀದಿ ಕೊಟ್ಟವನು ಹೋಗದೆ ಅಲ್ಲೇ ನಿಂತ.

"ಮೇಡಂ, ಗುಡ್ಡದ ದಾರಿ ಲೋಡ್ ಇದ್ರೆ... ನನಗೆ ಕೊಡ್ತೀರಾ?"

"ಯಾಕೆ, ಇಲ್ಲಿ ಬೇಜಾರಾ?" ತಮಾಷೆಯ ಧ್ವನಿಯಲ್ಲಿ ಕೇಳಿದಳು. ಉತ್ತರಕ್ಕೆ ಹೆದರಿದ್ದಳು.

"ಬೇಜಾರಲ್ಲ..." ಅವನು ತಡವರಿಸಿದ. ಕಾರಣ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. "ಆ ದಾರಿ ಅಭ್ಯಾಸ."

"ನೋಡ್ತೀನಿ," ಅಂದಳು.

ನೋಡಲಿಲ್ಲ. ಬರಿಯ ಅಭ್ಯಾಸ ತಾನೇ, ಎಂದು ಮನಸ್ಸಿಗೆ ಸಮಜಾಯಿಷಿ ಹೇಳಿಕೊಂಡಳು. ಕಾರಣವನ್ನು ಇನ್ನೊಂದು ಸಲ ಕೇಳಿದ್ದರೆ... ಆದರೆ ಕೇಳಲಿಲ್ಲ. ಕೇಳಿದರೆ ಕೊಡಬೇಕಾಗುತ್ತಿತ್ತಲ್ಲ!

*

"ಮೇಡಂ! ಆ ಟೋಲ್ ಗೇಟಿನ ಹೆಂಗಸಿನ ಕಾಟ ತಡೆಯಕ್ಕಾಗಲ್ಲ!"

ಮೀಸೆ ಗುಡ್ಡದ ದಾರಿಯಿಂದ ಬಂದವನೇ ಕಿಟಕಿಗೆ ಮೊಣಕೈ ಊರಿ ನಿಂತ. ಪಕ್ಕದಲ್ಲಿ ಡಾಕ್ ಮಾಮ ಇದ್ದ. ಸರಕು ಹತ್ತಿಸಿ ಇಳಿಸುವವರಿಗೆಲ್ಲ ಅವನೇ ಮುಖಂಡ.

"ಏನ್ ಮಾಡಿದ್ರು?" ಅವಳು ನಗುತ್ತಾ ಕೇಳಿದಳು.

"ದೂರದಿಂದ ನಮ್ಮ ಲಾರಿ ಬಣ್ಣ ಕಂಡ್ರೆ ಮುಖ ಅರಳುತ್ತೆ. ಹತ್ತಿರ ಹೋಗಿ ನನ್ನ ಮೀಸೆ ಕಂಡ್ರೆ ಹಿಂಡಿದ ಬಟ್ಟೆ ಹಂಗಾಗುತ್ತೆ. ನನ್ನ ಮೀಸೆಗೆ ಏನಾಗಿದೆ ಹೇಳಿ?"

"ಒಂದು ಕಡೆ ಉದ್ದ ಆಗಿದೆ," ಅಂದ ಡಾಕ್ ಮಾಮ.

"ನೀನು ಸುಮ್ನಿರಯ್ಯ! ಈ ಸಲ ಬಾಯಿಬಿಟ್ಟು ಕೇಳೇಬಿಟ್ಲು. ಮುಂಚೆ ಬರ್ತಿದ್ದ ಹುಡುಗ ಎಲ್ಲಿ, ಹುಷಾರಾಗಿದ್ದಾನಾ ಅಂತ. ಹುಷಾರಾಗೇ ಇದ್ದಾನೆ, ಈ ದಾರಿ ಬೇಡ ಅಂದಿರ್ಬೇಕು ಅಂದೆ. ಅಷ್ಟೇ ನೋಡಿ... ಚಿಲ್ಲರೆ ಕೊಡೋದು ಮರೆತು ಕೂತುಬಿಟ್ಲು."

ಡಾಕ್ ಮಾಮನ ನಗು ನಿಂತಿತು. "ಅಯ್ಯೋ ಪಾಪಿ, ಹಾಗಂದ್ಯಾ? ಅದು ಅವನ ಅಕ್ಕ ಕಣೋ!"

ಅವಳ ಕೈಯಲ್ಲಿದ್ದ ಪೆನ್ನು ನಿಂತಿತು.

"ಅಕ್ಕನಾ?"

"ಹೂಂ ಕಣಮ್ಮ. ತಾಯಿ ಇಲ್ಲದ ಹುಡುಗನ್ನ ಎತ್ತಿ ಆಡಿಸಿ ಓದಿಸಿದವಳು. ಇವನು ಕಾಲೇಜು ಬಿಟ್ಟು ಲಾರಿ ಹತ್ತಿದ. ನಿನ್ನ ಮುಖ ನನಗೆ ತೋರಿಸಬೇಡ ಅಂದ್ಲಂತೆ. ವರ್ಷಗಟ್ಟಲೆ ಮಾತಿಲ್ಲ. ಫೋನ್ ಮಾಡಿದ್ರೆ ಎತ್ತಲ್ಲ, ಮನೆಗೆ ಹೋದ್ರೆ ಬಾಗಿಲು ತೆಗೆಯಲ್ಲ. ಕೊನೆಗೆ ಏನು ಮಾಡಿದ ಗೊತ್ತಾ? ಅವಳು ಕೂರೋ ಟೋಲ್ ಕಿಟಕಿಯ ಸಾಲಲ್ಲೇ ಲಾರಿ ನಿಲ್ಲಿಸೋದು! ಅಲ್ಲಿ ಮುಖ ತಿರುಗಿಸೋ ಹಾಗಿಲ್ಲವಲ್ಲ, ರಸೀದಿ ಕೊಡಲೇಬೇಕು."

"ಮಾತಾಡಿದ್ರಾ?" ಅವಳು ಕೇಳಿದಳು.

"ಎಲ್ಲಿ! ಎಷ್ಟೋ ತಿಂಗಳು ತಲೆ ಎತ್ತಲಿಲ್ಲ. ಆಮೇಲೆ ಒಂದು ದಿನ, ಎಡಗಡೆ ದೀಪ ಉರೀತಿಲ್ಲ ಅಂದ್ಲಂತೆ. ಅವತ್ತು ಇವನು ಇಲ್ಲಿ ಎಲ್ಲರಿಗೂ ಚಹಾ ಕುಡಿಸಿದ! ಮುಂದಿನ ಸಲ, ನಿಧಾನ ಹೋಗು ಅಂದ್ಲು. ಕೊನೇ ಸಲ ಊಟ ಆಯ್ತಾ ಅಂತ ಕೇಳಿದ್ಲು. ಅಷ್ಟೊತ್ತಿಗೆ ಇವನ ದಾರಿಯೇ ಬದಲಾಯ್ತು..."

ಮೀಸೆ ತಲೆ ಕೆರೆದುಕೊಂಡ. "ಯಾರು ಬದಲಾಯಿಸಿದ್ರೋ!"

ಯಾರೂ ಅವಳ ಕಡೆ ನೋಡಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವಳ ಹಾಗೆ, ಅವಳ ಕೈ ತಾನೇ ತಾನಾಗಿ ಮುಖ ಮುಚ್ಚಿಕೊಂಡಿತು.

ಮೂರು ಮಾತು... ವರ್ಷಗಟ್ಟಲೆ ಕಾದು ಅವನು ಗಳಿಸಿದ್ದು ಮೂರು ಮಾತು. ನಾಲ್ಕನೆಯದನ್ನು ಕಿತ್ತುಕೊಂಡವಳು ನಾನು... ಯಾತಕ್ಕೆ? ಸಂಜೆ ಒಂದು ಸಲ ಮುಖ ನೋಡುವುದಕ್ಕೆ!

*

ಅವತ್ತು ಸಂಜೆ ಅವನು ರಸೀದಿಗಳ ಜೊತೆ ಇನ್ನೊಂದು ಹಾಳೆಯನ್ನೂ ಸರಿಸಿದ.

"ಶನಿವಾರ ನನ್ನ ಕೊನೆಯ ದಿನ. ಬೇರೆ ಕಂಪನಿಯಲ್ಲಿ ಗುಡ್ಡದ ದಾರಿಗೆ ಆಳು ಬೇಕಂತೆ."

ಅವಳು ಎದ್ದು ನಿಂತಳು. ಎಲ್ಲವನ್ನೂ ಹೇಳಿಬಿಡಬೇಕು. ಈಗಲೇ...

"ಒಂದು ಮಾತು ಕೇಳಲಾ ಮೇಡಂ?" ಅವನೇ ಮುಂದುವರಿಸಿದ. ಧ್ವನಿ ಏರಿರಲಿಲ್ಲ, ಅದೇ ಹೆಚ್ಚು ನೋಯಿಸಿತು. "ಸೀಲ್ ಒಡೆಯೋಕೆ ಹಠ ಮಾಡಿದ್ದು ನಾನು. ಬೈಸಿಕೊಂಡಿದ್ದು ನೀವು. ಕೋಪ ಇರೋದು ಸಹಜ. ಆದ್ರೆ ಒಂದು ಡ್ರಮ್ ಸೋಪಿಗೆ ಎಷ್ಟು ವಾರದ ಶಿಕ್ಷೆ?"

"ಶಿಕ್ಷೆ ಅಲ್ಲ!"

"ಮತ್ತೆ?"

ಅವಳು ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದವಳು! ಈಗ ನಾಲ್ಕು ಸರಳ ಪದ ಸಿಗದೆ ಕಿಟಕಿಯ ಸರಳು ಹಿಡಿದು ನಿಂತಳು.

ಅವನು ತಲೆಯಾಡಿಸಿ ಹೊರಟುಹೋದ.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಅಂಗಿಗಳಿಗೆ ಕಾಜಾ ಮಾಡುತ್ತಿದ್ದಳು. ಮಗಳು ಬಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು.

"ಯಾರದೋ ತಪ್ಪಿಗೆ ನೀನು ಅಳ್ತಿರೋ ಹಾಗಿದೆ," ಅಂದಳು ಅಮ್ಮ, ಸೂಜಿಯಿಂದ ಕಣ್ಣು ತೆಗೆಯದೆ.

"ಯಾರದೋ ಅಲ್ಲಮ್ಮ. ನನ್ನದೇ."

ಯಂತ್ರ ನಿಂತಿತು.

"ಯಾರಿಗೆ ತಪ್ಪು ಮಾಡಿದೆ?"

"ಇಬ್ಬರಿಗೆ. ಅವರಲ್ಲಿ ಒಬ್ಬರ ಮುಖವನ್ನ ನಾನು ನೋಡೇ ಇಲ್ಲ."

ಅಮ್ಮ ಹೆಚ್ಚು ಕೇಳಲಿಲ್ಲ. ಹಲ್ಲಿನಿಂದ ದಾರ ಕಡಿದು, "ಹಾಗಾದ್ರೆ ಇಲ್ಲಿ ಕೂತು ಅತ್ರೆ ಏನು ಬಂತು? ನನ್ನ ಕುರ್ಚಿ ಒದ್ದೆ ಆಗುತ್ತೆ ಅಷ್ಟೇ. ಅವರ ಮುಂದೆ ಹೋಗಿ ಅಳು," ಅಂದಳು.

*

ಶನಿವಾರ ಬೆಳಿಗ್ಗೆ ಹಲಗೆಯ ಮೇಲಿನ ಸಾಲಿನಲ್ಲಿ ಅವನ ಬಿಲ್ಲೆ ಇತ್ತು. ಗುಡ್ಡದ ದಾರಿ. ಫುಲ್ ಲೋಡ್.

ಅವನು ಅದನ್ನು ನೋಡಿದ. ಥ್ಯಾಂಕ್ಸ್ ಹೇಳಲಿಲ್ಲ. ಹೊರಟು ನಿಂತಾಗ ಸಿಗುವ ದಯೆ ಯಾರಿಗೆ ಬೇಕು?

ಲಾರಿಯ ಬಾಗಿಲು ತೆರೆದರೆ, ಪಕ್ಕದ ಸೀಟಿನಲ್ಲಿ ಅವಳು! ಮಡಿಲಲ್ಲಿ ಕೈಚೀಲವನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

"ಇಳೀರಿ ಮೇಡಂ. ಹೊರಗಿನವರು ಕೂರೋ ಹಾಗಿಲ್ಲ. ನೀವೇ ಟೈಪ್ ಮಾಡಿ ಅಂಟಿಸಿದ ನಿಯಮ, ನೋಡಿ, ನಿಮ್ಮ ತಲೆಯ ಪಕ್ಕದಲ್ಲೇ ಇದೆ."

"ಗೊತ್ತು. ಇವತ್ತು ನನಗೆ ರಜೆ."

"ರಜೆ ಇದ್ರೆ ಸಿನಿಮಾಕ್ಕೆ ಹೋಗ್ತಾರೆ."

"ನಾನು ಟೋಲ್ ಗೇಟಿಗೆ ಬರಬೇಕು."

ಅವನ ಮುಖದ ಬಣ್ಣ ಬದಲಾಯಿತು. ಎಂಜಿನ್ ಹಚ್ಚಿದ.

ಊರು ಹಿಂದೆ ಬಿತ್ತು. ರಸ್ತೆ ಏರತೊಡಗಿತು. ಮೊದಲ ತಿರುವಿನಲ್ಲಿ ಅವಳು ಹೇಳಿದಳು.

"ಬೆನ್ನುನೋವಿನವರು ಒಂದೇ ವಾರಕ್ಕೆ ವಾಸಿಯಾದ್ರು. ಆಮೇಲೆ ನಿಮ್ಮನ್ನ ಪಾರ್ಟ್ ಲೋಡಿನಲ್ಲಿ ಇಟ್ಟುಕೊಂಡಿದ್ದು ನಾನು. ಬೇಕಂತಲೇ. ನೀವು ಕೇಳಿದಾಗ ನೋಡ್ತೀನಿ ಅಂದೆ. ಅದು ಸುಳ್ಳು. ನಿಮ್ಮ ಅಕ್ಕನ ವಿಷಯ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದು ಕ್ಷಮೆಗೆ ಕಾರಣ ಅಲ್ಲ."

ಅವನು ಗೇರ್ ಬದಲಾಯಿಸಿದ.

"ಶಿಕ್ಷೆ ಅಲ್ಲ ಅಂದ್ರಿ."

"ಅಲ್ಲ."

"ಮತ್ತೆ ಯಾಕೆ?"

ಅವಳು ಕಿಟಕಿಯಾಚೆ ನೋಡಿದಳು. ಕಣಿವೆಯ ಕೆಳಗೆ ಮಂಜು ಕೂತಿತ್ತು. ಅವಳ ಕೆನ್ನೆ ಬಿಸಿಯಾಗಿತ್ತು. ಈಗ ಪ್ರೀತಿಯ ಮಾತು ಎತ್ತಿದರೆ ಅದು ತಪ್ಪಿಗೆ ಹಚ್ಚುವ ಬಣ್ಣವಾಗುವುದಿಲ್ಲವೇ? ಕ್ಷಮೆಗೆ ಕೊಡುವ ಲಂಚವಾಗುವುದಿಲ್ಲವೇ?

"ಹೇಳೋಕೆ ನನಗೆ ಹಕ್ಕಿಲ್ಲ," ಅಂದಳು.

"ಅವಳು ಊಟ ಆಯ್ತಾ ಅಂದಿದ್ಲು," ಅವನು ರಸ್ತೆಗೆ ಹೇಳುವಂತೆ ಹೇಳಿದ. "ನಾನು ಇಲ್ಲ ಅಂದೆ. ಅಷ್ಟೊತ್ತಿಗೆ ಹಿಂದಿನವನು ಹಾರ್ನ್ ಹೊಡೆದ, ಹೊರಟುಬಂದೆ. ಮುಂದಿನ ಸಲ ಅವಳು ಏನು ಕೇಳ್ತಿದ್ಲೋ ಅಂತ ಪ್ರತಿ ರಾತ್ರಿ ಯೋಚಿಸ್ತೀನಿ. ನೀವು... ಕಾರಣ ಏನು ಅಂತ ನನ್ನನ್ನ ಒಂದು ಮಾತು ಸರಿಯಾಗಿ ಕೇಳಬಹುದಿತ್ತು."

"ಹೌದು."

"ನಾನೂ ಹೇಳಬಹುದಿತ್ತು," ಅಂದ ಮುಂದಿನ ತಿರುವು ದಾಟಿದ ಮೇಲೆ. ಆದರೆ ಅವನ ಕೋಪ ಇಳಿದಿರಲಿಲ್ಲ. ಅವಳು ಅದನ್ನು ಇಳಿಸಲು ಪ್ರಯತ್ನಿಸಲೂ ಇಲ್ಲ.

*

ಟೋಲ್ ಗೇಟು. ಲಾರಿಗಳ ಉದ್ದ ಸಾಲು.

ಅವನು ಅಕ್ಕನ ಕಿಟಕಿಯ ಸಾಲಿನಲ್ಲೇ ನಿಂತ.

ಕಿಟಕಿಯಲ್ಲಿ ನೀಲಿ ಸಮವಸ್ತ್ರದ ಹೆಂಗಸು. ದೂರದಿಂದ ಲಾರಿಯ ಬಣ್ಣ ಕಂಡರೂ ಈ ಸಲ ಅವಳ ಮುಖ ಅರಳಲಿಲ್ಲ. ಈ ದಾರಿ ಬೇಡ ಅಂದನಂತೆ... ಇನ್ನು ನಿರೀಕ್ಷೆಯೇ ಬೇಡ ಎಂದು ತೀರ್ಮಾನಿಸಿದ್ದಳು.

ಹಣ ಹಿಡಿದ ಕೈ ಮೇಲಿನಿಂದ ಇಳಿಯಿತು. ಆ ಕೈಯನ್ನು ಅವಳು ಗುರುತಿಸಿದಳು. ಅಕ್ಷರ ತಿದ್ದಿಸಿದ ಕೈ ಅದು! ಆದರೂ ತಲೆ ಎತ್ತಲಿಲ್ಲ. ರಸೀದಿ ಹರಿದು ಚಿಲ್ಲರೆಯೊಂದಿಗೆ ಇಟ್ಟಳು. ಗುಂಡಿ ಒತ್ತಿದಳು. ಗೇಟಿನ ಕಂಬ ಮೇಲೆದ್ದಿತು.

"ಮುಂದೆ ಹೋಗಿ."

ಹೋಗು ಎನ್ನಲಿಲ್ಲ. ಹೋಗಿ! ಬಹುವಚನ. ಪರಕೀಯರಿಗೆ ಹೇಳುವ ಹಾಗೆ.

ಅವನ ಕಾಲು ನಿಧಾನವಾಗಿ ಕ್ಲಚ್ಚಿನ ಮೇಲಿಂದ ಏಳತೊಡಗಿತು.

"ಅಕ್ಕಾ! ಒಂದು ನಿಮಿಷ!"

ಪಕ್ಕದಲ್ಲಿ ಕೂತಿದ್ದವಳು ಅವನ ಮಡಿಲ ಮೇಲಿನಿಂದ ಬಾಗಿ, ಅರ್ಧ ಮೈಯನ್ನು ಕಿಟಕಿಯಾಚೆ ಹಾಕಿ ಕೂಗಿದ್ದಳು.

ಅಕ್ಕ ತಲೆ ಎತ್ತಿದಳು. "ಯಾರಮ್ಮ ನೀನು? ಬೀಳ್ತೀಯಾ, ಒಳಗೆ ಕೂತ್ಕೋ!"

"ಇವರು ಈ ದಾರಿ ಬೇಡ ಅನ್ನಲಿಲ್ಲ ಅಕ್ಕ! ಬೇಕು ಅಂತ ಕೇಳಿದ್ರು. ಕೊಡದೇ ಇದ್ದವಳು ನಾನು. ಯಾರಿಗೆ ಯಾವ ಲೋಡ್ ಅಂತ ಹೇಳೋದು ನಾನೇ. ನೀವು ಕಾದಿದ್ದಕ್ಕೆ ನಾನೇ ಕಾರಣ, ಇವರಲ್ಲ. ನಿಮ್ಮ ಕೋಪ ನನ್ನ ಮೇಲೆ ಇರಲಿ..."

ಹಿಂದಿನ ಲಾರಿ ಹಾರ್ನ್ ಹೊಡೆಯಿತು.

ಅಕ್ಕ ಅವಳನ್ನೇ ದಿಟ್ಟಿಸಿದಳು. ಕೆಂಪಗಾದ ಮೂಗು, ಕೆದರಿದ ಕೂದಲು, ಬಾಗಿಲ ಅಂಚನ್ನು ಹಿಡಿದು ಬಿಳಿಚಿಕೊಂಡ ಬೆರಳುಗಳು. ಆಮೇಲೆ ಇನ್ನೊಂದು ಗುಂಡಿ ಒತ್ತಿದಳು.

ಮೇಲೆದ್ದಿದ್ದ ಕಂಬ ಲಾರಿಯ ಮೂತಿಯ ಮುಂದೆ ಮತ್ತೆ ಕೆಳಗಿಳಿಯಿತು!

"ಈಗ ಹೇಳು," ಅಂದಳು ಅಕ್ಕ. "ಯಾಕೆ ಕೊಡಲಿಲ್ಲ?"

ಅವಳು ತಪ್ಪಿಸಿಕೊಳ್ಳಲು ದಾರಿ ಹುಡುಕಿದಳು. ಮುಂದೆ ಗೇಟು, ಹಿಂದೆ ಲಾರಿಗಳ ಸಾಲು. ಪಕ್ಕದಲ್ಲಿ, ಒಂದು ಗೇಣಿನ ದೂರದಲ್ಲಿ, ಅವನು.

ಅವನ ಮುಂದೆ ಅದನ್ನು ಹೇಳಲು ತನಗೆ ಹಕ್ಕಿರಲಿಲ್ಲ. ಆದರೆ ಈ ಹೆಂಗಸಿಗೆ ಉತ್ತರ ಕೊಡದಿರುವ ಹಕ್ಕೂ ಇರಲಿಲ್ಲ.

"ಪಾರ್ಟ್ ಲೋಡಿನವರು... ಸಂಜೆ ವಾಪಸ್ ಬರ್ತಾರೆ," ಅವಳ ಧ್ವನಿ ಒಡೆಯಿತು. "ಎಲ್ಲಾ ತಲುಪಿತು ಮೇಡಂ ಅಂತ ಹೇಳಿ ಹೋಗ್ತಾರೆ. ಅದನ್ನ ಕೇಳಿದ್ರೆ ನನಗೆ ಭಯ ಕಮ್ಮಿಯಾಗ್ತಿತ್ತು. ದಿನಾ ಕೇಳಬೇಕು ಅನ್ನಿಸ್ತಿತ್ತು. ದಿನಾ ಇವರನ್ನ... ನೋಡಬೇಕು ಅನ್ನಿಸ್ತಿತ್ತು. ಅಷ್ಟೇ ಅಕ್ಕ. ಇಷ್ಟು ಸಣ್ಣ ಆಸೆಗೆ ನಿಮ್ಮಿಬ್ಬರಿಗೆ ಇಷ್ಟು ದೊಡ್ಡ ಅನ್ಯಾಯ ಮಾಡಿದೆ."

ಅವನು ಕತ್ತು ತಿರುಗಿಸಿ ಅವಳನ್ನು ನೋಡಿದ. ವಾರಗಟ್ಟಲೆ ಶಿಕ್ಷೆ ಎಂದುಕೊಂಡಿದ್ದು... ಇದಾ?!

ಅಕ್ಕ ಮೊದಲ ಸಲ ತಮ್ಮನ ಮುಖವನ್ನು ನೇರವಾಗಿ ನೋಡಿದಳು.

"ಮುಖ ತೋರಿಸಬೇಡ ಅಂದ್ರೆ ನಿಜವಾಗ್ಲೂ ಬರೋದು ನಿಲ್ಲಿಸಿಬಿಟ್ಟೆ ಅಂದ್ಕೊಂಡೆ ಕಣೋ..."

"ಇಲ್ಲಕ್ಕ," ಅಂದ ಅವನು. ಕೆನ್ನೆ ಒದ್ದೆಯಾಗಿತ್ತು. "ಇಲ್ಲ."

"ಎಷ್ಟು ಇಳಿದುಹೋಗಿದ್ದೀಯ! ಕಾಲೇಜಿನಲ್ಲಿ ಇದ್ದಿದ್ರೆ ಹಿಂಗಾಗ್ತಿತ್ತಾ?"

"ಅಕ್ಕ, ಮತ್ತೆ ಅದೇ ಶುರು ಮಾಡ್ಬೇಡ."

"ಮಾಡ್ತೀನಿ. ಸಾಯೋತನಕ ಮಾಡ್ತೀನಿ. ಆದ್ರೆ ಬಾಗಿಲು ತೆಗೆದು ಮಾಡ್ತೀನಿ." ಸೆರಗಿಲ್ಲದ ಸಮವಸ್ತ್ರದ ತೋಳಿನಿಂದಲೇ ಕಣ್ಣೊರೆಸಿಕೊಂಡಳು. "ಈ ಹುಡುಗಿಗೆ ಬೈದೆಯಾ?"

"ಪೂರ್ತಿ ಇಲ್ಲ."

"ಪೂರ್ತಿ ಬೈ. ಮಾಡಿದ್ದು ತಪ್ಪೇ. ಬೈದು ಮುಗಿದ ಮೇಲೆ ಇಬ್ಬರೂ ಮನೆಗೆ ಬನ್ನಿ."

ಹಿಂದೆ ಹಾರ್ನುಗಳ ಮೇಳವೇ ಶುರುವಾಗಿತ್ತು. ಕಂಬ ಮತ್ತೆ ಎದ್ದಿತು.

"ಹೋಗು. ನಿಧಾನ ಹೋಗು," ಅಂದಳು ಅಕ್ಕ.

*

ಗೇಟು ದಾಟಿದ ಮೇಲೆ ಲಾರಿಗಳು ನಿಲ್ಲುವ ಜಾಗದಲ್ಲಿ ಅವನು ಎಂಜಿನ್ ಆರಿಸಿದ.

"ನನ್ನ ಕೋಪ ಪೂರ್ತಿ ಹೋಗಿಲ್ಲ," ಅಂದ.

"ಹೋಗಬಾರದು. ನನಗೂ ನನ್ನ ಮೇಲೆ ಹೋಗಿಲ್ಲ." ಅವಳು ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು. "ಸೋಮವಾರ ಯಜಮಾನರಿಗೆ ಎಲ್ಲಾ ಹೇಳ್ತೀನಿ. ಹಲಗೆಯ ಕೆಲಸ ಬೇರೆಯವರು ಮಾಡಲಿ. ಯಾರ ಬಿಲ್ಲೆಯನ್ನೂ ಇನ್ನು ನಾನು ಮುಟ್ಟಲ್ಲ."

"ಹೇಳಿ," ಅಂದ. ಬೇಡ ಎನ್ನಲಿಲ್ಲ. ಅವಳಿಗೆ ಅದೇ ಸಮಾಧಾನ ತಂದಿತು. ಸುಲಭಕ್ಕೆ ಸಿಕ್ಕ ಕ್ಷಮೆಯನ್ನು ಅವಳು ನಂಬುತ್ತಿರಲಿಲ್ಲ.

"ನೀವು... ಬೇರೆ ಕಂಪನಿಗೆ..."

"ಹೋಗ್ತೀನಿ. ಮಾತು ಕೊಟ್ಟಿದ್ದೀನಿ."

ಅವಳು ತಲೆಯಾಡಿಸಿದಳು. ಕಣ್ಣು ತುಂಬಿ ರಸ್ತೆ ಕಾಣದಾಯಿತು. ಸರಿಯೇ... ನನ್ನ ತಪ್ಪಿಗೆ ಇಷ್ಟಾದರೂ ಶಿಕ್ಷೆ ಬೇಡವೇ?

"ಅಲ್ಲಿಂದ ವಾಪಸ್ ಬಂದ ದಿನ," ಅವನು ಸ್ಟೀರಿಂಗಿನ ಮೇಲೆ ಉಗುರಿನಿಂದ ಗೀಚುತ್ತಾ ಹೇಳಿದ, "ನಿಮ್ಮ ಮನೆಯ ದಾರಿಯಾಗಿ ಬಂದ್ರೆ... ಎಲ್ಲಾ ತಲುಪಿತು ಅಂತ ಹೇಳಿ ಹೋಗಬಹುದಾ?"

ಅವಳು ನಂಬಲಾರದೆ ತಿರುಗಿದಳು.

"ಯಾಕೆ?" ಪಿಸುಗುಟ್ಟಿದಳು.

"ನನಗೂ ದಿನಾ ಸಂಜೆ ಹೇಳಿ ಹೇಳಿ ಅಭ್ಯಾಸ ಆಗಿಬಿಟ್ಟಿದೆ." ತುಸು ತಡೆದು ಸೇರಿಸಿದ. "ಅಭ್ಯಾಸ ಅಂದ್ರೆ ನಾನು ಯಾವಾಗಲೂ ಪೂರ್ತಿ ನಿಜ ಹೇಳಲ್ಲ. ಅದು ನಿಮಗೆ ಈಗ ಗೊತ್ತಾಗಿರ್ಬೇಕು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅವನು ಕೈ ಚಾಚಿದ. ಈ ಸಲ ಅಂಟಿಕೊಳ್ಳಲು ಸೋಪೂ ಇರಲಿಲ್ಲ, ನೆಪವೂ ಇರಲಿಲ್ಲ. ಆದರೂ ಅವಳು ಆ ಕೈಯನ್ನು ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಅತ್ತ ಟೋಲ್ ಗೇಟಿನಲ್ಲಿ ಮೇಲಧಿಕಾರಿ ಏದುಸಿರು ಬಿಡುತ್ತಾ ಅಕ್ಕನ ಕಿಟಕಿಗೆ ಬಂದಿದ್ದ.

"ಏನಮ್ಮ ಇದು? ಎದ್ದ ಗೇಟು ಮತ್ತೆ ಹೇಗೆ ಇಳೀತು? ಸಾಲು ಗುಡ್ಡದ ಕೆಳಗಿನ ತನಕ ಹೋಗಿದೆ!"

"ಏನೋ ಸಿಕ್ಕಿಹಾಕ್ಕೊಂಡಿತ್ತು ಸರ್. ಈಗ ಸರಿಹೋಯ್ತು."

"ಕಣ್ಣು ಯಾಕೆ ಕೆಂಪಗಿದೆ?"

"ಲಾರಿ ಹೊಗೆ ಸರ್."

ಅವನು ಗೊಣಗುತ್ತಾ ಹೋದ. ಪಕ್ಕದ ಕಿಟಕಿಯ ಗೆಳತಿ ಗಾಜಿಗೆ ಮುಖ ಒತ್ತಿ, "ಏಯ್, ಯಾರೇ ಅದು? ಆ ಹುಡುಗಿ ಯಾಕೆ ಹಾಗೆ ಅಳ್ತಿದ್ಲು?" ಎಂದು ಕೇಳಿದಳು.

ತಮ್ಮನ ಮೇಲಿನ ಮುನಿಸನ್ನು ಅಕ್ಕ ಇಷ್ಟು ವರ್ಷ ಎಲ್ಲರ ಮುಂದೆ ಹೇಳಿಕೊಂಡಿದ್ದಳು. ಈ ಗೆಳತಿಗೆ, ನೆರೆಮನೆಯವರಿಗೆ, ಕೇಳಿದವರಿಗೆ, ಕೇಳದವರಿಗೆ. ಆ ಹುಡುಗಿಯ ನಡುಗುವ ಮಾತನ್ನೂ ಹಾಗೆ ಬಾಯಿಂದ ಬಾಯಿಗೆ ದಾಟಿಸಿದರೆ, ಸಂಜೆಯೊಳಗೆ ಅದು ನಗೆಪಾಟಲಾಗುತ್ತದೆ. ಬೇಡ. ಮನೆಯಲ್ಲಿ ಗಂಡ ಕೇಳಿದರೂ ಬೇಡ. ಅವರಿಬ್ಬರೂ ಬಾಗಿಲಲ್ಲಿ ಬಂದು ನಿಲ್ಲುವ ತನಕ, ನಿಂತ ಮೇಲೂ, ಇವತ್ತು ಈ ಕಿಟಕಿಯಲ್ಲಿ ಆದದ್ದನ್ನು ಯಾರಿಗೂ ಹೇಳುವುದಿಲ್ಲ.

"ಯಾರೋ ದಾರಿ ಕೇಳಿದ್ರು ಕಣೇ," ಅಂದಳು ಅಕ್ಕ. ಮುಂದಿನ ಲಾರಿಯ ಕಡೆಗೆ ಕೈ ಚಾಚಿದಳು.